ಸಾಹುಕಾರ ಜಪಾನಿನಲ್ಲಿ, ಸಾಲಗಾರ ಮಂಡ್ಯದಲ್ಲಿ

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವುದು ನಮ್ಮ ಜನರ ಹಳೇ ಗಾದೆ. ಹತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ಓಲಾ, ಊಬರ್ ಟ್ಯಾಕ್ಸಿಗಳು ಓಡಾಡಿದ್ದೂ ಹೀಗೇ. ಎ.ಸಿ. ಕಾರಿನಲ್ಲಿ ಸಾಹೇಬರಂತೆ ಕೂತವನು ಆಟೋ ಬಾಡಿಗೆ ಕೊಟ್ಟು ಇಳಿದ. ಓಡಿಸಿದವನಿಗೆ ಬಾಡಿಗೆಯ ಮೇಲೆ ಇನ್‌ಸೆಂಟಿವ್ ಬೇರೆ ಬಂತು. ಇಬ್ಬರಿಗೂ ಲಾಭ ಅಂದಮೇಲೆ ನಷ್ಟ ಯಾರಿಗೆ? ಅಂದು ಯಾರೂ ಕೇಳಲಿಲ್ಲ.

ನಷ್ಟ ಹೊತ್ತದ್ದು ಹೊರದೇಶದ ಹಣ. 2014ರಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ಮುಂದಾಳತ್ವದಲ್ಲಿ ಓಲಾಕ್ಕೆ 21 ಕೋಟಿ ಡಾಲರ್ ಬಂತು. 2016ರಲ್ಲಿ ಸೌದಿ ಅರೇಬಿಯಾದ ಸರ್ಕಾರಿ ನಿಧಿ ಅಮೆರಿಕದ ಊಬರ್‌ಗೆ 350 ಕೋಟಿ ಡಾಲರ್ ಹಾಕಿತು. ಎದುರಾಳಿ ಮಣ್ಣು ಮುಕ್ಕುವವರೆಗೆ ನಷ್ಟದ ವ್ಯಾಪಾರ ಮಾಡುವುದು ಯಾವ ಕಿರಾಣಿ ಅಂಗಡಿಯವರಿಗೂ ಗೊತ್ತಿರುವ ಪಟ್ಟೇ. ಎದುರಂಗಡಿ ಮುಚ್ಚಿಸೋಕೆ ಸಕ್ಕರೆಯನ್ನು ಅಸಲಿಗಿಂತ ಕಡಿಮೆಗೆ ಮಾರಿದ ಹಾಗೆ!

"ತಿಂಗಳಿಗೆ ಲಕ್ಷ ದುಡೀಬಹುದಂತೆ" ಎಂಬ ಮಾತು ಮಂಡ್ಯ, ಮದ್ದೂರಿನ ಹಳ್ಳಿಗಳವರೆಗೂ ಹಬ್ಬಿತು. ಕಬ್ಬಿನ ಗದ್ದೆ ಬಿಟ್ಟು, ಮನೆಯ ಒಡವೆ ಅಡವಿಟ್ಟು, ಎಷ್ಟೋ ಹುಡುಗರು ಹಳದಿ ಬೋರ್ಡಿನ ಡಿಜೈರ್, ಎಟಿಯೋಸ್ ಕೊಂಡರು. ಅಷ್ಟೂ ಇಲ್ಲದವರಿಗೆ ಓಲಾ ತಾನೇ ಠೇವಣಿ ಕಟ್ಟಿಸಿಕೊಂಡು ದಿನಬಾಡಿಗೆಗೆ ಕಾರು ಕೊಟ್ಟಿತು. ಕಾರು ಕಂಪನಿಗಳಿಗೆ ಸುಗ್ಗಿಯೋ ಸುಗ್ಗಿ.

ಆಮೇಲೆ ನಲ್ಲಿ ತಿರುಗಿಸಿದರು. ಇನ್‌ಸೆಂಟಿವ್ ಇಳಿಯಿತು, ಸಾಲದ ಕಂತು ಇಳಿಯಲಿಲ್ಲ. 2017ರ ಫೆಬ್ರವರಿಯಲ್ಲಿ ಬೆಂಗಳೂರಿನ ಚಾಲಕರು ಮುಷ್ಕರ ಹೂಡಿದರು. ಮರುವರ್ಷ ಜನವರಿಯಲ್ಲಿ ಅದೇ ಸಾಫ್ಟ್‌ಬ್ಯಾಂಕ್ ಊಬರ್‌ನಲ್ಲೂ ಸುಮಾರು ಶೇ. 15 ಪಾಲು ಹಿಡಿಯಿತು. ಎರಡೂ ಅಂಗಡಿಗೆ ಒಬ್ಬನೇ ಸಾಹುಕಾರನಾದ ಮೇಲೆ ಪೈಪೋಟಿ ಎಷ್ಟು ದಿನ ನಡೆದೀತು?

2019ರ ಆಗಸ್ಟ್‌ನಲ್ಲಿ ದೇಶದಲ್ಲಿ ಕಾರು, ಜೀಪು, ವ್ಯಾನು ಸೇರಿ ಮಾರಾಟ ಹಿಂದಿನ ವರ್ಷಕ್ಕಿಂತ ಶೇ. 31ರಷ್ಟು ಕುಸಿಯಿತು. ಹೊಸ ತಲೆಮಾರಿನವರು ಕಂತು ಕಟ್ಟಿ ಕಾರು ಕೊಳ್ಳುವ ಬದಲು ಓಲಾ, ಊಬರ್ ಹತ್ತುವುದೂ ಇದಕ್ಕೊಂದು ಕಾರಣ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದರು. ಆ ಮಾತು ಬಹಳ ದಿನ ನಿಲ್ಲಲಿಲ್ಲ. 2023-24ರಲ್ಲಿ ಕಾರು, ಜೀಪು, ವ್ಯಾನು ಸೇರಿ ಮಾರಾಟ 42 ಲಕ್ಷ ಮುಟ್ಟಿತು. ಬಾಡಿಗೆ ಕಾರೂ ಬಂತು, ಸ್ವಂತ ಕಾರೂ ಬಂತು. ರಸ್ತೆ ಮಾತ್ರ ಅಷ್ಟೇ ಇದೆ.

ಈ ಗಲಾಟೆಯಲ್ಲಿ ಕೇಳುವವರಿಲ್ಲದೆ ಹೋದದ್ದು ಬಸ್ಸು. ಮೂರು ಕಾರಿನ ಜಾಗದಲ್ಲಿ ಒಂದು ಬಸ್ಸು ಐವತ್ತು ಜನರನ್ನು ಹೊರುತ್ತದೆ. ಆದರೆ ಬಸ್ಸಿಗೆ ಹಣ ಹಾಕಲು ಜಪಾನಿನವರೂ ಬರುವುದಿಲ್ಲ, ಸೌದಿಯವರೂ ಬರುವುದಿಲ್ಲ; ಸರ್ಕಾರವೇ ಬರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಬಹಳ ಒಳ್ಳೆಯದು. ಆದರೆ ಹತ್ತುವ ಜನ ಹೆಚ್ಚಿದ ಮೇಲೆ ಬಸ್ಸೂ ಹೆಚ್ಚಬೇಕಲ್ಲವೇ ಸ್ವಾಮಿ? ಸಂಜೆ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಾಲು ನೋಯಿಸಿಕೊಂಡವರನ್ನು ಕೇಳಿ, ಉತ್ತರ ಸಿಗುತ್ತದೆ.

ಈ ಟ್ಯಾಕ್ಸಿಗಳು ಮೈಸೂರಿಗೆ ಬಂದು ವರ್ಷಗಳಾದವು. ಈಗ ಕಮಿಷನ್ ಬದಲು ದಿನಕ್ಕಿಷ್ಟು ಚಂದಾ ಎಂಬ ಹೊಸ ಪದ್ಧತಿಯೂ ಶುರುವಾಗಿದೆ. ಹೊರಗಿನ ಬಂಡವಾಳ ಬರಲಿ, ಬೇಡ ಅನ್ನುವವರು ಯಾರು? ಆದರೆ ಚಾಲಕನಿಗೆ ಕೊಡುವುದೆಷ್ಟು, ಕಿತ್ತುಕೊಳ್ಳುವುದೆಷ್ಟು ಎಂಬುದನ್ನು ಸಾರಿಗೆ ಇಲಾಖೆ ಮೊದಲೇ ಬರೆಸಿಕೊಳ್ಳಲಿ. ಬ್ಯಾಂಕಿನವರು ಇನ್‌ಸೆಂಟಿವ್ ನಂಬಿ ಸಾಲ ಕೊಡದೆ, ಬರೀ ಬಾಡಿಗೆ ಲೆಕ್ಕ ಹಾಕಿ ಕೊಡಲಿ. ಎಲ್ಲಕ್ಕಿಂತ ಮೊದಲು, ಜಿಲ್ಲೆಗೆ ನಾಲ್ಕು ಬಸ್ಸು ಹೆಚ್ಚಾಗಿ ಬಿಡಲಿ.

ಹೊರಗಿನ ಹಣ ಬಂದ ದಾರಿಯಲ್ಲೇ ವಾಪಸ್ ಹೋದೀತು. ಸಾಲದ ಕಾಗದಕ್ಕೆ ಸಹಿ ಹಾಕಿದ ನಮ್ಮ ಹುಡುಗ ಎಲ್ಲಿಗೆ ಹೋಗಬೇಕು?