ಒಂದೇ ಕ್ರಿಯಾಟಿನಿನ್, ಎರಡು ಲೆಕ್ಕ

ಬಿಪಿಯಿಂದ ಕಿಡ್ನಿ ಹಾಳಾಗೋದು ಗಂಡಸರಿಗೇ ಜಾಸ್ತಿ ಅನ್ನೋ ಮಾತನ್ನು ನೀವೂ ಕೇಳಿರಬಹುದು. ನಾನು ಡಾಕ್ಟರಲ್ಲ, ಓದಿ ತಿಳಿದುಕೊಂಡಿದ್ದನ್ನು ಹೇಳ್ತಿದ್ದೀನಿ ಅಷ್ಟೆ. ಆ ಮಾತು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಆ ಅರ್ಧ ಸತ್ಯವೇ ನಮ್ಮ ಮನೆಯ ಹೆಂಗಸರಿಗೆ ಮುಳುವಾಗ್ತಿದೆ ಅಂತ ನನಗನಿಸುತ್ತೆ.

ಕಿಡ್ನಿಯಲ್ಲಿ ರಕ್ತ ಸೋಸುವ ಲಕ್ಷಾಂತರ ಪುಟ್ಟ ಜರಡಿಗಳಿವೆ. ಬಿಪಿ ವರ್ಷಗಟ್ಟಲೆ ಏರಿಯೇ ಇದ್ದರೆ ಅಲ್ಲಿನ ಸಣ್ಣ ರಕ್ತನಾಳಗಳು ಗಡುಸಾಗಿ, ಜರಡಿಗಳು ಒಂದೊಂದಾಗಿ ಕೆಡುತ್ತಾ ಹೋಗ್ತವೆ. ನೋವಿಲ್ಲ, ಸದ್ದಿಲ್ಲ. ಮುಟ್ಟು ನಿಲ್ಲುವ ತನಕ ಈಸ್ಟ್ರೋಜನ್ ರಕ್ತನಾಳಗಳನ್ನು ಸಡಿಲವಾಗಿಟ್ಟು ಹೆಂಗಸರನ್ನು ಒಂದಿಷ್ಟು ಕಾಯುತ್ತೆ. ಹುಟ್ಟಾ ಬಿಪಿ ಇರುವ ಗಂಡು ಇಲಿಗಳ ವೃಷಣ ತೆಗೆದರೆ ಬಿಪಿ ಇಳಿಯೋದನ್ನೂ ವಿಜ್ಞಾನಿಗಳು ನೋಡಿದ್ದಾರೆ. ಅಂದರೆ ಹಾರ್ಮೋನುಗಳ ಪಾತ್ರ ಇರೋದು ನಿಜ.

ಆದರೆ ಮುಟ್ಟು ನಿಂತ ಮೇಲೆ? ಆ ಕಾವಲು ಹೋಗುತ್ತೆ, ಬಿಪಿ ಏರುತ್ತೆ. ಬಸುರಿನಲ್ಲಿ ಬಿಪಿ ಏರಿ ಪ್ರಿಎಕ್ಲಾಂಪ್ಸಿಯ ಆಗಿದ್ದವರಿಗಂತೂ ಮುಂದೆ ಕಿಡ್ನಿ ತೊಂದರೆಯ ಅಪಾಯವೂ ಹೆಚ್ಚು. ಇಪ್ಪತ್ತೈದು ವರ್ಷದ ಹಿಂದಿನ ಬಸುರಿನ ಕತೆಯನ್ನು ಈಗ ಯಾರು ಕೇಳ್ತಾರೆ ಹೇಳಿ!

ಇನ್ನು ರಿಪೋರ್ಟಿನ ವಿಷಯ. ಕ್ರಿಯಾಟಿನಿನ್ ಬರೋದು ಸ್ನಾಯುಗಳಿಂದ. ಹೆಂಗಸರಲ್ಲಿ ಸ್ನಾಯು ಕಡಿಮೆ, ಹಾಗಾಗಿ ಕಿಡ್ನಿ ಸೊರಗಿದ್ದರೂ ಅಂಕಿ ಸಣ್ಣದಾಗೇ ಕಾಣುತ್ತೆ. 55 ವರ್ಷದ ಗಂಡ ಹೆಂಡತಿ ಇಬ್ಬರಿಗೂ ಕ್ರಿಯಾಟಿನಿನ್ 1.2 ಇದೆ ಅಂದ್ಕೊಳ್ಳಿ. 2021ರ ಸಿಕೆಡಿ-ಇಪಿಐ ಸೂತ್ರಕ್ಕೆ ಹಾಕಿ ನೋಡಿದೆ. ಕಿಡ್ನಿ ಎಷ್ಟು ಸೋಸುತ್ತೆ ಅನ್ನುವ ಇಜಿಎಫ್‌ಆರ್ ಅವನಿಗೆ ಸುಮಾರು 71, ಅವಳಿಗೆ 53! ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗೇ ಇದ್ದರೆ ಅದು ಕಿಡ್ನಿ ಕಾಯಿಲೆ. ಬರೀ 1.2 ನೋಡಿ "ನಾರ್ಮಲ್ ಬಿಡಿ" ಅಂದುಬಿಟ್ಟರೆ ಅವಳ ಗತಿ?

ಡಯಾಲಿಸಿಸ್ ಶುರು ಮಾಡುವವರಲ್ಲಿ ಗಂಡಸರು ಹೆಚ್ಚು. ಆದರೆ ಜಗತ್ತಿನಲ್ಲಿ ಕಿಡ್ನಿ ಕಾಯಿಲೆ ಇರುವವರನ್ನು ಎಣಿಸಿದರೆ ಹೆಂಗಸರೇ ಹೆಚ್ಚು. ಗಂಡಸರಲ್ಲಿ ಕಾಯಿಲೆ ಬೇಗ ಬಲಿಯುತ್ತೆ ಅನ್ನೋದು ಒಂದು ಕಾರಣ. ಚಿಕಿತ್ಸೆಯ ತನಕ ಯಾರನ್ನು ಕರ್ಕೊಂಡು ಹೋಗ್ತೀವಿ ಅನ್ನೋದು ಇನ್ನೊಂದು. ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಇದನ್ನೂ ಹಾರ್ಮೋನಿನ ತಲೆಗೆ ಕಟ್ಟೋಕಾಗುತ್ತಾ?

ಅಮ್ಮನಿಗೆ, ಅತ್ತೆಗೆ ಬಿಪಿ ಇದ್ದರೆ ವರ್ಷಕ್ಕೊಮ್ಮೆ ಇಜಿಎಫ್‌ಆರ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಎರಡನ್ನೂ ಮಾಡಿಸಿ. ನಿಮ್ಮ ಮನೆಯ ರಿಪೋರ್ಟುಗಳಲ್ಲಿ ಇಜಿಎಫ್‌ಆರ್ ಬರೆದಿರ್ತಾರಾ? ಒಮ್ಮೆ ತೆಗೆದು ನೋಡಿ, ಇಲ್ಲಿ ತಿಳಿಸಿ.