ದೀಪ ಎಷ್ಟು ಸಲ ಮಿನುಗಿತು? ಎಣಿಸಿ, ಆಮೇಲೆ ದುಡ್ಡು ಬಿಚ್ಚಿ

ನಮ್ಮ ದೇವಾಪುರದ ಕಡೆ ಹಳೆ ಎಫ್‌ಐ ಬೈಕ್ ಅಂದ್ರೆ ಜನ ಇವತ್ತಿಗೂ ಹಿಂದೆ ಸರೀತಾರೆ. "ಅದರಾಗ ಕಂಪ್ಯೂಟರ್ ಅದ ತಮ್ಮಾ, ಕೆಟ್ರ ಮುಗೀತು" ಅನ್ನೋದೇ ಮಾತು. ಊರಲ್ಲಿ ನಿಮ್ಮ ಅಪ್ಪನದೋ ಕಾಕಾನದೋ ಅಂಥದ್ದೊಂದು ಗಾಡಿ ಮೂಲೆ ಸೇರಿದ್ರೆ, ಗುಜರಿಗೆ ಹಾಕೋ ಮುಂಚೆ ಇದನ್ನ ಓದಿ.

ಕಾರ್ಬ್ಯುರೇಟರ್‌ನಲ್ಲಿ ಎಂಜಿನ್ ಗಾಳಿ ಎಳೆದಾಗ ಆ ಎಳೆತಕ್ಕೇ ಪೆಟ್ರೋಲ್ ಜೆಟ್‌ನಿಂದ ಮೇಲೆ ಬರುತ್ತೆ. ಜೆಟ್‌ನ ತೂತು ಬದಲಾಗಲ್ಲ. ಬೆಳಗಿನ ಚಳಿಗೆ ಚೋಕ್ ಎಳೀಬೇಕು.

ಎಫ್‌ಐನಲ್ಲಿ ಟ್ಯಾಂಕಿನ ಪಂಪ್ ಪೆಟ್ರೋಲನ್ನ ಒಂದೇ ಒತ್ತಡದಲ್ಲಿ, ಸಾಮಾನ್ಯವಾಗಿ 3 ಬಾರ್ ಸುತ್ತಮುತ್ತ, ಹಿಡಿದಿಡುತ್ತೆ. ಒತ್ತಡ ಬದಲಾಗದ ಕಾರಣ, ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರುತ್ತೋ ಅಷ್ಟು ಪೆಟ್ರೋಲ್. ಲೆಕ್ಕ ಇಷ್ಟೇ. 6000 ಆರ್‌ಪಿಎಂನಲ್ಲಿ ಓಡೋ ಫೋರ್-ಸ್ಟ್ರೋಕ್ ಎಂಜಿನ್‌ಗೆ ಸೆಕೆಂಡಿಗೆ 50 ಸಲ ಪೆಟ್ರೋಲ್ ಬೇಕು. ಪ್ರತಿ ಸಲ ಇಂಜೆಕ್ಟರ್ ತೆರೆಯೋದು ಸೆಕೆಂಡಿನ ಸಾವಿರದ ಕೆಲವೇ ಭಾಗ. ಗಾಳಿಯ ಒತ್ತಡ, ಥ್ರಾಟಲ್ ಎಷ್ಟು ತೆರೆದಿದೆ, ಎಂಜಿನ್ ಎಷ್ಟು ಬಿಸಿ ಅಂತ ಸೆನ್ಸರ್‌ಗಳು ಹೇಳ್ತವೆ. ಇಸಿಯು ಅಂದ್ರೆ ಆ ಪುಟ್ಟ ಕಂಪ್ಯೂಟರ್ ಹೊತ್ತು ನಿಗದಿ ಮಾಡುತ್ತೆ. ಎಂಜಿನ್ ತಣ್ಣಗಿದ್ರೆ ಸ್ವಲ್ಪ ಜಾಸ್ತಿ ಹೊತ್ತು. ಚೋಕ್ ಬೇಡವಾಗಿದ್ದು ಹೀಗೆ.

1980ರ ಕವಾಸಾಕಿ ಝಡ್1000, 1983ರ ಬಿಎಂಡಬ್ಲ್ಯೂ ಕೆ100 ಗಾಡಿಗಳಲ್ಲಿ ಗಾಳಿ ಅಳೆಯೋಕೆ ದಾರಿಯಲ್ಲೇ ಒಂದು ರೆಕ್ಕೆ ಇತ್ತು. ಗಾಳಿ ತಳ್ಳಿದಷ್ಟು ಅದು ತೆರೆದುಕೊಳ್ತಿತ್ತು. ನಮ್ಮ ದೇಶದ ಬೈಕ್‌ಗಳಿಗೆ ಎಫ್‌ಐ ಬಂದಿದ್ದು 2006ರಲ್ಲಿ, ಹೀರೋ ಹೋಂಡಾ ಗ್ಲಾಮರ್ ಮೂಲಕ. 2007ರಲ್ಲಿ ಪಲ್ಸರ್ 220, 2008ರಲ್ಲಿ ಯಮಾಹಾ ಆರ್15, 2009ರಲ್ಲಿ ಕ್ಲಾಸಿಕ್ 500. ಇದರಲ್ಲಿ ಪಲ್ಸರ್ 220 ಎರಡೇ ವರ್ಷಕ್ಕೆ ಕಾರ್ಬ್ಯುರೇಟರ್‌ಗೆ ವಾಪಸ್ ಹೋಯಿತು. ಕೊನೆಗೆ 2020ರ ಏಪ್ರಿಲ್ 1ರ ಬಿಎಸ್-6 ನಿಯಮ ಬಂದು ಹೊಸ ಬೈಕೆಲ್ಲ ಹೆಚ್ಚುಕಡಿಮೆ ಎಫ್‌ಐ ಆದವು.

ಹಾಗಾದ್ರೆ ಹಳೇವಕ್ಕೆ ಕೆಟ್ಟ ಹೆಸರು ಯಾಕೆ? ಪಂಪ್, ಇಸಿಯು, ಇಂಜೆಕ್ಟರ್ ಮೂರಕ್ಕೂ ಕರೆಂಟ್ ಬೇಕು. ಬ್ಯಾಟರಿ ಸತ್ತ ಕಾರ್ಬ್ಯುರೇಟರ್ ಗಾಡಿಯನ್ನ ಕಿಕ್ ಹೊಡೆದು ಓಡಿಸಿದವರು, ಎಫ್‌ಐ ಗಾಡಿ ಏಳದಿದ್ದಾಗ ಕಂಪ್ಯೂಟರನ್ನ ಬೈದರು. ಬಾಟಲಿ ಪೆಟ್ರೋಲಿನ ಕಸ ಫಿಲ್ಟರ್‌ಗೆ, ಇಂಜೆಕ್ಟರ್‌ಗೆ ಸೇರಿಕೊಳ್ತು. ಸೆನ್ಸರ್ ಬಗ್ಗೆ ಗೊತ್ತಿರೋ ಮೇಸ್ತ್ರಿ ಹತ್ತಿರದಲ್ಲಿ ಇರಲಿಲ್ಲ.

ನಮ್ಮ ಕಾಕಾನ ಗಾಡಿಗೂ ಒಂದು ಗ್ಯಾರೇಜ್‌ನವರು "ಇಸಿಯು ಹೋಗ್ಯದ, ಹೊಸದು ಹಾಕ್ಬೇಕು" ಅಂದಿದ್ದರು. ಕಾಕಾ ಹೊಲದ ದುಡ್ಡು ಬರಲಿ ಅಂತ ಗಾಡಿ ನಿಲ್ಲಿಸಿಬಿಟ್ಟಿದ್ದ. ಮೀಟರ್‌ನ ದೀಪ ಎಣಿಸಿ, ಗಾಡಿ ಪುಸ್ತಕದಲ್ಲಿ ಹುಡುಕಿದ್ರೆ ಅದು ಒಂದು ಸೆನ್ಸರ್ ಲೈನಿನ ದೂರು. ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು. ಕ್ಲೀನ್ ಮಾಡಿ ಹಾಕಿದ್ವಿ, ಗಾಡಿ ಚಾಲೂ ಆಯ್ತು.

ಆ ದೀಪವೇ ಗಾಡಿಯ ಬಾಯಿ. ಹೋಂಡಾ ಪದ್ಧತಿಯಲ್ಲಿ ಒಂದು ಉದ್ದ ಮಿನುಗು ಅಂದ್ರೆ 10, ಗಿಡ್ಡ ಮಿನುಗು ಅಂದ್ರೆ 1. ಏಳು ಗಿಡ್ಡ ಬಂದ್ರೆ ಎಂಜಿನ್ ಬಿಸಿ ಅಳೆಯೋ ಸೆನ್ಸರ್ ಲೈನು. ಒಂದು ಉದ್ದ, ಎರಡು ಗಿಡ್ಡ ಬಂದ್ರೆ 12, ಅಂದ್ರೆ ಇಂಜೆಕ್ಟರ್ ಲೈನು. ಬೇರೆ ಕಂಪನಿಗಳ ಲೆಕ್ಕ ಬೇರೆ, ನಿಮ್ಮ ಗಾಡಿಯ ಪುಸ್ತಕ ನೋಡಿ. ಕೋಡ್ ಬಂತು ಅಂದ ಮಾತ್ರಕ್ಕೆ ಆ ಪಾರ್ಟ್ ಕೆಟ್ಟಿದೆ ಅಂತಲ್ಲ. ವೈರ್, ಕನೆಕ್ಟರ್ ಮೊದಲು ನೋಡಬೇಕು.

ಊರಿಗೆ ಹೋದಾಗ ಈ ಕ್ರಮದಲ್ಲಿ ನೋಡಿ. ಬ್ಯಾಟರಿ ಚಾರ್ಜ್ ಇದೆಯಾ? ಫ್ಯೂಸ್ ಸರಿ ಇದೆಯಾ? ಕೀ ಆನ್ ಮಾಡಿದಾಗ ಪಂಪ್ ಎರಡು ಸೆಕೆಂಡ್ 'ಜುಂಯ್' ಅನ್ನುತ್ತಾ? ದೀಪ ಎಷ್ಟು ಸಲ ಮಿನುಗಿತು? ಈ ನಾಲ್ಕಕ್ಕೆ ಉತ್ತರ ಇಟ್ಟುಕೊಂಡು ಗ್ಯಾರೇಜ್‌ಗೆ ಹೋಗಿ. "ಕಂಪ್ಯೂಟರ್ ಹೋಗ್ಯದ" ಅಂದ್ರೆ, "ಕೋಡ್ ಎಷ್ಟು ಬಂತು ಅಣ್ಣಾ?" ಅಂತ ಒಂದೇ ಮಾತು ಕೇಳಿ.