ಕೆಡುತ್ತಿರುವ ಹಾರ್ಡ್ ಡಿಸ್ಕು ಮತ್ತು ಗ್ರಂಥಸಂಪಾದನೆಯ ಹೊಣೆ

ಬಸವನ ಬಾಗೇವಾಡಿಗೆ ಸಮೀಪದ ಇಂಗಳೇಶ್ವರ ಬಸವಣ್ಣನವರ ತಾಯಿಯ ತವರೂರೆಂದು ಪರಂಪರೆ ನಂಬುತ್ತದೆ. ಅಲ್ಲಿಯ ಶಿಲಾಮಂಟಪದಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಇರಿಸಲಾಗಿದೆ. ಇದು ಬರಿಯ ಭಕ್ತಿಯ ಕೆಲಸವೆಂದು ಬದಿಗಿಡುವ ವಿದ್ವಾಂಸರು ಒಂದು ಮಾತನ್ನು ಮರೆಯುತ್ತಾರೆ: ಓದಲು ಕಣ್ಣೊಂದನ್ನುಳಿದು ಬೇರೆ ಯಾವ ಸಾಧನವೂ ಬೇಡದ ಬರಹ ಕಲ್ಲಿನದು. ಬಸವಣ್ಣನವರ ಚರಿತ್ರೆಗೆ ಆಧಾರವಾಗಿರುವ 1260ರ ಅರ್ಜುನವಾಡದ ಶಾಸನವನ್ನು ಇಂದಿಗೂ ಓದಲು ಸಾಧ್ಯವಾಗಿರುವುದು ಇದೇ ಕಾರಣದಿಂದ. ಇದೇ ಜಿಲ್ಲೆಯ ಸಂಶೋಧಕರೊಬ್ಬರು 1998ರಲ್ಲಿ ಗಣಕದಲ್ಲಿ ಬರೆದಿಟ್ಟ ಟಿಪ್ಪಣಿಯ ಬಗೆಗೆ ಆ ಭರವಸೆಯಿಲ್ಲ.

ವಿಜಯಪುರದ ನೆಲಕ್ಕೆ ಉಳಿಸಿಕೊಳ್ಳುವ ಕೆಲಸ ಹೊಸದಲ್ಲ. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಳೆಗರಿಯ ಕಟ್ಟುಗಳನ್ನು ಅರಸಿ ಮನೆಮನೆ ತಿರುಗಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ಅನಂತರ ಮನೆಯನ್ನೇ ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ಕಟ್ಟಿದರು. 1926ರಲ್ಲಿ ‘ಶಿವಾನುಭವ’ ಹೊರಟಿತು. ಗರಿಯಿಂದ ಕಾಗದಕ್ಕೆ ಆದ ಆ ದಾಟು ಕನ್ನಡ ಸಾಹಿತ್ಯಚರಿತ್ರೆಯ ದಿಕ್ಕನ್ನೇ ಬದಲಿಸಿತು. ಕಾಗದದಿಂದ ಗಣಕಕ್ಕೆ ಆದ ದಾಟನ್ನು ಮಾತ್ರ ಯಾರೂ ದಾಟೆಂದು ಗುರುತಿಸಲಿಲ್ಲ. ಡಿಟಿಪಿ ಅಂಗಡಿಯ ಕೆಲಸವೆಂದು ಬಿಟ್ಟುಬಿಟ್ಟರು.

ಸುಮಾರು 1990ರಿಂದ 2010ರವರೆಗಿನ ಎರಡು ದಶಕಗಳ ಕನ್ನಡ ವಿದ್ವತ್ತು ಕೂಡಿಬಿದ್ದಿರುವುದು ಇಂಥ ಅಂಗಡಿಗಳ ಮತ್ತು ಅಧ್ಯಾಪಕರ ಮನೆಗಳ ಹಳೆಯ ಯಂತ್ರಗಳಲ್ಲಿ. ಹಸ್ತಪ್ರತಿಯ ಲಿಪಿಕಾರ ಕೊನೆಯ ಗರಿಯಲ್ಲಿ ತನ್ನ ಹೆಸರನ್ನೂ ಸಂವತ್ಸರವನ್ನೂ ಬರೆದು, ತಪ್ಪಿದ್ದರೆ ತಿದ್ದಿ ಓದಿರೆಂದು ಕೇಳಿಕೊಳ್ಳುತ್ತಿದ್ದ. ಮಹಾಪ್ರಬಂಧವನ್ನು ಬೆರಳಚ್ಚು ಮಾಡಿದ ಹುಡುಗನ ಹೆಸರು ಎಲ್ಲಿಯೂ ಇಲ್ಲ. ಮೂಲಕಡತ ಮಾತ್ರ ಅವನ ಯಂತ್ರದಲ್ಲಿಯೇ ಉಳಿಯಿತು. ಪ್ರಾಧ್ಯಾಪಕರು ತೀರಿಕೊಂಡ ಮೇಲೆ ಮನೆಯವರು ಪುಸ್ತಕಗಳನ್ನು ಗ್ರಂಥಾಲಯಕ್ಕೆ ಕೊಡುತ್ತಾರೆ, ಗಣಕವನ್ನು ಗುಜರಿಗೆ ಹಾಕುತ್ತಾರೆ.

ಅಂಥದೊಂದು ಯಂತ್ರ ಕೈಗೆ ಬಂದಾಗ ಮಾಡಬೇಕಾದ ಮೊದಲ ಕೆಲಸವೆಂದರೆ ಅದನ್ನು ಚಾಲೂ ಮಾಡದಿರುವುದು. ಹಾರ್ಡ್ ಡಿಸ್ಕಿನೊಳಗೆ ಬಿಲ್ಲೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ಓದುವ ಮುಳ್ಳು ಅವುಗಳಿಂದ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತದೆ. ಮುಳ್ಳು ತಾಗಿದರೆ ಕಾಂತಲೇಪ ಕೆರೆದುಹೋಗುತ್ತದೆ. ಕಟಕಟ ಸದ್ದು ಬರುತ್ತಿರುವ ಡಿಸ್ಕನ್ನು ಮತ್ತೆ ಮತ್ತೆ ಚಾಲೂ ಮಾಡಿ ನೋಡುವವರು ಉಳಿದಿದ್ದ ಬರಹವನ್ನೂ ಕೆರೆಸುತ್ತಾರೆ. ಅಂಥದನ್ನು ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಬಲ್ಲ ತಜ್ಞರಿಗೇ ಕೊಡಬೇಕು. ಸದ್ದಿಲ್ಲದೆ, ಬರಿ ಓದುವಾಗ ತಡವರಿಸುವ ಡಿಸ್ಕಾದರೆ ಅದನ್ನು ಹೊರತೆಗೆದು, ಅಡಾಪ್ಟರಿನ ಮೂಲಕ ಬೇರೊಂದು ಗಣಕಕ್ಕೆ ಜೋಡಿಸಿ, ಮೊದಲ ಬಿಟ್ಟಿನಿಂದ ಕೊನೆಯ ಬಿಟ್ಟಿನವರೆಗೆ ಒಂದು ಪಡಿಯಚ್ಚು ತೆಗೆಯಬೇಕು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇದನ್ನು ವಿವೇಕದಿಂದ ಮಾಡುತ್ತದೆ. ಸುಲಭವಾಗಿ ಓದಬಲ್ಲ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಗಳನ್ನು ಒಂದು ನಕ್ಷೆಯಲ್ಲಿ ಗುರುತಿಸಿಟ್ಟು, ಕೊನೆಗೆ ಅವುಗಳಿಗೆ ಮರಳುತ್ತದೆ. ಜೀರ್ಣವಾದ ಓಲೆಯನ್ನು ಬಿಡಿಸುವ ಅನುಭವಿ ಕೈಯ ಕ್ರಮವೂ ಇದೇ. ವಿಂಡೋಸ್ ತಾನಾಗಿ ಒಡ್ಡುವ ‘ಡಿಸ್ಕ್ ದುರಸ್ತಿ’ಯನ್ನು ಒಪ್ಪಿಕೊಳ್ಳುವುದು ಇದಕ್ಕೆ ತದ್ವಿರುದ್ಧವಾದುದು. ಅದು ಮೂಲಪ್ರತಿಯ ಮೇಲೆಯೇ ತಿದ್ದುಪಡಿ ಬರೆಯುತ್ತದೆ. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಜೀವ ಬರುತ್ತದೆಂಬ ಮಾತೊಂದು ಬಹುಕಾಲದಿಂದ ಹರಿದಾಡುತ್ತಿದೆ. ಇಂಡಿ, ಸಿಂದಗಿಯ ಬೇಸಿಗೆಯಲ್ಲಿ ಅದನ್ನು ಮಾಡಿದರೆ ಒಳಗೆ ತೇವ ಕೂತು ಇದ್ದದ್ದೂ ಹೋದೀತು.

ಪಡಿಯಚ್ಚು ಸಿದ್ಧವಾದ ಮೇಲೆ ಮುಂದಿನ ಕೆಲಸವೆಲ್ಲ ಅದರ ಮೇಲೆ. ಅಳಿಸಿದ ಕಡತವೂ ಅದರ ಜಾಗದಲ್ಲಿ ಬೇರೆ ಬರಹ ಕೂರುವವರೆಗೆ ಅಲ್ಲಿಯೇ ಇರುತ್ತದೆ, ಬಳಪದ ಹಲಗೆಯ ಮೇಲಿನ ಮಸುಕಿನಂತೆ. ಕಡತಗಳ ಪಟ್ಟಿಯೇ ನಾಶವಾಗಿದ್ದರೆ ಫೋಟೋರೆಕ್‌ನಂಥ ತಂತ್ರಾಂಶ ಪ್ರತಿಯೊಂದು ಬಗೆಯ ಕಡತದ ಆರಂಭದ ಗುರುತನ್ನು ಹಿಡಿದು ಹೊರಗೆಳೆಯುತ್ತದೆ. ಆದರೆ ಹೆಸರು, ಫೋಲ್ಡರು ಎರಡೂ ಇರುವುದಿಲ್ಲ. ಬರಿ ಸಂಖ್ಯೆಗಳ ಸಾಲು. ದಾರ ಕಡಿದು ಚೆಲ್ಲಿದ ಗರಿಗಳ ಕಟ್ಟನ್ನು ಜೋಡಿಸಿದವರಿಗೆ ಈ ಸ್ಥಿತಿ ಅಪರಿಚಿತವಲ್ಲ. ಯಾವುದು ಮೊದಲ ಕರಡು, ಯಾವುದು ತಿದ್ದಿದ ಕರಡು, ಯಾವುದು ಬೇರೊಬ್ಬರ ಲೇಖನದ ನಕಲು ಎಂಬುದನ್ನು ಒಳಸಾಕ್ಷ್ಯದಿಂದ ತೀರ್ಮಾನಿಸಬೇಕು. ಇದು ಗಣಕ ರಿಪೇರಿಯವನ ವಿದ್ಯೆಯಲ್ಲ, ಗ್ರಂಥಸಂಪಾದನೆಯ ವಿದ್ಯೆ.

ಕನ್ನಡಕ್ಕೆ ವಿಶೇಷವಾದ ತೊಡಕು ಕಾಣುವುದು ಕಡತ ತೆರೆದ ಮೇಲೆ. ಶ್ರೀಲಿಪಿ, ಬರಹ, ನುಡಿಗಳ ಹಳೆಯ ಅಕ್ಷರವಿನ್ಯಾಸಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ರೂಪಗಳನ್ನು ಕೂರಿಸಿದಂಥವು. ಆ ಫಾಂಟ್ ಇಲ್ಲದಿದ್ದರೆ ತೆರೆಯ ಮೇಲೆ ಕಾಣುವುದು ತಲೆಯ ಮೇಲೆ ಗೀಟು ಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳ ಗುಂಪು. ಡಿಸ್ಕು ಕೆಟ್ಟಿದೆಯೆಂದು ಭಾವಿಸಿ ಚೆನ್ನಾಗಿದ್ದ ಕಡತವನ್ನು ಅಳಿಸಿದವರಿದ್ದಾರೆ. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿತ್ತು. ಕರ್ನಾಟಕ ಸರ್ಕಾರ ಅದನ್ನು ಕಡ್ಡಾಯಗೊಳಿಸಿದ್ದು 2012ರಲ್ಲಿ. ನಡುವಿನ ಆ ಎರಡು ದಶಕಗಳ ವಿಳಂಬದ ಬೆಲೆಯನ್ನು ಈಗ ತೆರಬೇಕಾಗಿದೆ.

ಪರಿವರ್ತಕ ತಂತ್ರಾಂಶಗಳಿವೆ, ಅವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಹಳೆಯ ವಿನ್ಯಾಸದಲ್ಲಿ ಅರ್ಕಾವತ್ತು ವ್ಯಂಜನದ ಅನಂತರ ಬರುತ್ತದೆ, ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು; ಅದಲುಬದಲಿನಲ್ಲಿ ಒತ್ತಕ್ಷರಗಳು ಜಾಗ ತಪ್ಪುತ್ತವೆ. ನಡುವೆ ಬಂದ ಇಂಗ್ಲಿಷ್ ಹೆಸರುಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಹಳಗನ್ನಡದ ಪಾಲಿಗೆ ಇದು ಇನ್ನೂ ಗಂಭೀರವಾದುದು. ಱ, ೞ ಇಲ್ಲದ ಫಾಂಟುಗಳಲ್ಲಿ ಬೆರಳಚ್ಚುಗಾರರು ಯಾವುದೋ ಚಿಹ್ನೆಯನ್ನು ಹಾಕಿಕೊಂಡು ಕೆಲಸ ಸಾಗಿಸಿದ್ದಾರೆ, ಇಲ್ಲವೆ ರ, ಳ ಎಂದೇ ಹೊಡೆದಿದ್ದಾರೆ. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಒಂದು ಕೀಲಿಯ ಕೊರತೆಯಿಂದ ಬದುಕು ಕತ್ತಿಯಾಗುತ್ತದೆ. ಯುನಿಕೋಡಿಗೇ ಈ ಅಕ್ಷರದ ಪರಿಚಯ ಸರಿಯಾಗಿರಲಿಲ್ಲ. ೞ ಅಕ್ಷರಕ್ಕೆ ಅದು ಅಧಿಕೃತವಾಗಿ ಕೊಟ್ಟ ಹೆಸರು ‘ಫ’. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವ ನಿಯಮವಿಲ್ಲದ್ದರಿಂದ ಪಕ್ಕದಲ್ಲಿ ತಿದ್ದುಪಡಿಯೊಂದನ್ನು ಸೇರಿಸಿ ಸುಮ್ಮನಾಗಿದ್ದಾರೆ. ನಕಾರಪೊಲ್ಲು ಸೇರಿದ್ದಂತೂ 2021ರಲ್ಲಿ.

ಪುಸ್ತಕ ಅಚ್ಚಾಗಿದೆಯಲ್ಲ, ಕಡತವೇಕೆ ಎಂಬ ಆಕ್ಷೇಪವಿದೆ. ಗ್ರಂಥ ಅಚ್ಚಾಯಿತೆಂದು ಓಲೆಗಳನ್ನು ಹೊಳೆಗೆ ಬಿಟ್ಟವರ ವಾದವೂ ಇದೇ ಆಗಿತ್ತು. ಸಿಂದಗಿಯ ನೆಲದಿಂದ ಬಂದ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳಾಗಿ ಬಂದ ಸಮಗ್ರ ವಚನ ಸಾಹಿತ್ಯವನ್ನು ಗಮನಿಸಿದರೆ ಅಚ್ಚಾದ ಪಾಠದ ಹಿಂದೆ ಎಷ್ಟು ಪ್ರತಿಗಳ ತುಲನೆ ಇರುತ್ತದೆಂಬುದು ತಿಳಿಯುತ್ತದೆ. ಕೈಬಿಟ್ಟ ಪಾಠಾಂತರ, ಪುಟಮಿತಿಗೆ ಕತ್ತರಿಸಿದ ಅಡಿಟಿಪ್ಪಣಿ, ಅಚ್ಚಿಗೆ ಹೋಗದ ಶಾಸನಪಾಠ, ಕ್ಷೇತ್ರಕಾರ್ಯದ ಸಂದರ್ಶನಗಳ ಬರಹರೂಪ, ಇವೆಲ್ಲ ಇರುವುದು ಕಡತದಲ್ಲಿ. ಪುಸ್ತಕದಲ್ಲಿ ಇರುವುದು ತೀರ್ಪು, ಸಾಕ್ಷಿಗಳಿರುವುದು ಡಿಸ್ಕಿನಲ್ಲಿ. ಅಲ್ಲದೆ ಅಕ್ಷರರೂಪದ ಪಠ್ಯವಿದ್ದರಷ್ಟೇ ‘ವಚನ ಸಂಚಯ’ದಲ್ಲಿ ಮಾಡುವಂತೆ ಒಂದು ಪದ ಎಲ್ಲೆಲ್ಲಿ ಬಂದಿದೆಯೆಂದು ಕ್ಷಣದಲ್ಲಿ ಹುಡುಕಲು ಸಾಧ್ಯ.

ಮಹಾಪ್ರಬಂಧಗಳ ಗಣಕಪ್ರತಿಯನ್ನು ಸಲ್ಲಿಸಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿತು. ಅದಕ್ಕೆ ಮೊದಲಿನವುಗಳ ಕಡತಕ್ಕೆ ಯಾರೂ ವಾರಸುದಾರರಿಲ್ಲ. ಹಸ್ತಪ್ರತಿ ವಿಭಾಗವಿರುವ ಪ್ರತಿಯೊಂದು ವಿಶ್ವವಿದ್ಯಾಲಯವೂ ಹಳೆಯ ಡಿಸ್ಕುಗಳನ್ನು ಹಸ್ತಪ್ರತಿಗಳಂತೆಯೇ ಸ್ವೀಕರಿಸಿ, ಸಂಖ್ಯೆ ಕೊಟ್ಟು, ಪಡಿಯಚ್ಚು ತೆಗೆದಿಡಬೇಕು. ಪಡಿಯಚ್ಚು ಮೂಲಪ್ರತಿ, ಪರಿವರ್ತಿಸಿದ ಯುನಿಕೋಡ್ ಪಠ್ಯ ಸಂಪಾದಿತ ಪ್ರತಿ. ಎರಡನ್ನೂ ಬೇರೆಬೇರೆಯಾಗಿ ಇಟ್ಟು, ಯಾವ ಫಾಂಟಿನಿಂದ ಯಾವ ಪರಿವರ್ತಕದ ಮೂಲಕ ಯಾವ ದಿನ ಬಂದಿತೆಂಬುದನ್ನು ಲಿಪಿಕಾರನಂತೆ ಕೊನೆಯಲ್ಲಿ ಬರೆದಿಡಬೇಕು. ಖಾಸಗಿ ಪತ್ರಗಳೂ ಅದೇ ಡಿಸ್ಕಿನಲ್ಲಿರುವುದರಿಂದ ಕುಟುಂಬದ ಒಪ್ಪಿಗೆ ಬರಹದಲ್ಲಿರುವುದು ಅಗತ್ಯ. ಯಾವುದನ್ನು ತೆರೆಯಬಾರದೆಂದು ಹೇಳುವ ಹಕ್ಕು ಅವರದು. ಮುದ್ದೇಬಿಹಾಳದ ಯಾವುದೋ ಅಂಗಡಿಯ ಅಟ್ಟದಲ್ಲಿರುವ ಯಂತ್ರವನ್ನು ಕೇಳಿ ತರುವ ಕೆಲಸಕ್ಕೆ ಒಬ್ಬ ಸಂಶೋಧನ ವಿದ್ಯಾರ್ಥಿ, ಒಂದು ಅಡಾಪ್ಟರು, ಒಂದು ಖಾಲಿ ಡಿಸ್ಕು ಸಾಕು. ಮಳೆಗಾಲಕ್ಕೆ ಮೊದಲು ಅಟ್ಟಗಳನ್ನು ತೆರವು ಮಾಡುವ ರೂಢಿ ಆ ಕಡೆಯಲ್ಲಿದೆ.